ಮಂಜುಗಡ್ಡೆಯ ಅಂಚಿನಲ್ಲಿ ನಿಂತವರ ಹಾಡುಗಳು

ಕೆನಡಾದ ಯಾವುದೇ ದೊಡ್ಡ ಊರಿನ ಚಳಿಗಾಲದ ಶನಿವಾರ ರಾತ್ರಿ. ಹೊರಗೆ ಉಸಿರು ಹೆಪ್ಪುಗಟ್ಟುವ ಚಳಿ, ಒಳಾಂಗಣ ಕ್ರೀಡಾಂಗಣದೊಳಗೆ ಹದಿನೆಂಟು ಸಾವಿರ ಜನ. ಬಿಳಿ ನೆಲವನ್ನು ಸ್ಕೇಟಿನ ಅಲಗುಗಳು ಕೊರೆಯುವ ಸದ್ದು, ಅಂಚಿನ ಹಲಗೆಗೆ ಆಟಗಾರರ ಮೈ ಬಡಿಯುವ ಸದ್ದು. ರೆಫರಿ ಸೀಟಿ ಊದುತ್ತಾನೆ, ಆಟ ನಿಲ್ಲುತ್ತದೆ. ಮರುಕ್ಷಣವೇ ಧ್ವನಿವರ್ಧಕದಲ್ಲಿ ಗಿಟಾರ್ ಮೊಳಗಿ ಗಂಡಸೊಬ್ಬನ ಒರಟು ದನಿ ಹಾಡಲು ತೊಡಗುತ್ತದೆ. ಅಜ್ಜನೂ ಹಾಡುತ್ತಾನೆ, ಪಕ್ಕದಲ್ಲಿ ಕೂತ ಮೊಮ್ಮಗಳೂ ಹಾಡುತ್ತಾಳೆ. ಇಬ್ಬರಿಗೂ ಅದು ಬಾಯಿಪಾಠ. ಮತ್ತೆ ಸೀಟಿ ಊದಿದಾಗ ಹಾಡು ಅರ್ಧಕ್ಕೇ ನಿಲ್ಲುತ್ತದೆ, ಆಟ ಮುಂದುವರಿಯುತ್ತದೆ.

ನಮ್ಮಲ್ಲಿ ಹಾಕಿ ಎಂದರೆ ಕೊಡಗಿನ ಮೈದಾನ, ಧ್ಯಾನ್‌ಚಂದರ ನೆನಪು, ಒಲಿಂಪಿಕ್ ಪದಕ. ಇಲ್ಲಿ ಹೇಳುತ್ತಿರುವುದು ಅದರ ದಾಯಾದಿಯಾದ ಐಸ್ ಹಾಕಿಯ ಬಗ್ಗೆ. ಭಾರತದಲ್ಲಿ ಲಡಾಖಿನ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಅದು ಬೇರೂರಿದೆ. ಕೆನಡಾದಲ್ಲಂತೂ 1994ರಿಂದ ಕಾನೂನಿನ ಪ್ರಕಾರವೇ ಅದು ರಾಷ್ಟ್ರೀಯ ಚಳಿಗಾಲದ ಕ್ರೀಡೆ. ಈ ಆಟದ ಬಗ್ಗೆ ಜನಪ್ರಿಯ ಹಾಡುಗಳ ದೊಡ್ಡ ಪರಂಪರೆಯೇ ಇದೆ. ಅವು ಗೆಲುವಿನ ಕೂಗು, ತಾರೆಯರ ಸ್ತುತಿ ಎಂದು ದೂರದಿಂದ ಅನಿಸುತ್ತದೆ. ಒಂದೊಂದಾಗಿ ಕೇಳುತ್ತ ಹೋದರೆ ಬೇರೆಯೇ ಸಂಗತಿ ಕಾಣುತ್ತದೆ. ದಶಕಗಳ ಕಾಲ ಬಾಳಿದ ಹಾಡುಗಳಲ್ಲಿ ಬಹುಪಾಲು ಆಟಗಾರನ ಹಾಡುಗಳಲ್ಲ. ಅವು ಆಟವನ್ನು ಅಂಚಿನಲ್ಲಿ ನಿಂತು ನೋಡಿದವರ, ರೇಡಿಯೊದಲ್ಲಿ ಕೇಳಿದವರ, ಆಡಲು ಹೋದ ಮಗನನ್ನು ಕಳೆದುಕೊಂಡವರ ಹಾಡುಗಳು. ಅವು ಬಾಳಿದ್ದಕ್ಕೆ ಕಾರಣವೂ ಅದೇ ಎಂಬುದು ಈ ಲೇಖನದ ವಾದ.

ಬಿಡುವಿನಲ್ಲಿ ಹುಟ್ಟುವ ಸಂಗೀತ

ಮೊದಲು ಆಟದ ಸ್ವರೂಪ. ಸುಮಾರು 61 ಮೀಟರ್ ಉದ್ದ, 26 ಮೀಟರ್ ಅಗಲದ ಮಂಜುಗಡ್ಡೆಯ ಅಂಗಳ. ಒಂದೊಂದು ತಂಡದಲ್ಲಿ ಗೋಲ್‌ಕೀಪರ್ ಸೇರಿ ಆರು ಜನ. ಚೆಂಡಿನ ಬದಲು ಗಟ್ಟಿ ರಬ್ಬರಿನ ಚಪ್ಪಟೆ ಬಿಲ್ಲೆ, ಅದರ ಹೆಸರು ಪಕ್. ಒಳ್ಳೆಯ ಹೊಡೆತಕ್ಕೆ ಅದು ಗಂಟೆಗೆ 150 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಹೋಗುತ್ತದೆ. ತಲಾ 20 ನಿಮಿಷಗಳ ಮೂರು ಅವಧಿ. ಎಷ್ಟು ದಣಿವಿನ ಆಟವೆಂದರೆ ಆಟಗಾರರು ಮುಕ್ಕಾಲು ನಿಮಿಷಕ್ಕೊಮ್ಮೆ ಬೆಂಚಿಗೆ ಮರಳಿ ಬೇರೆಯವರಿಗೆ ಜಾಗ ಬಿಡುತ್ತಾರೆ. ಇಂಥ ಆಟ ನಡೆಯುವಾಗ ಹಾಡಲು ಯಾರಿಗೂ ಪುರುಸೊತ್ತಿಲ್ಲ, ಗೋಲು ಬಿದ್ದದ್ದೇ ಎಷ್ಟೋ ಸಲ ಕಣ್ಣಿಗೆ ಕಾಣುವುದಿಲ್ಲ. ಆದರೆ ಪಕ್ ಗೆರೆ ದಾಟಿದರೆ, ಗೋಲ್‌ಕೀಪರ್ ಅದನ್ನು ಹಿಡಿದುಕೊಂಡರೆ, ಯಾರಾದರೂ ತಪ್ಪೆಸಗಿದರೆ ಆಟ ನಿಲ್ಲುತ್ತದೆ. ಈ ಪುಟ್ಟ ಬಿಡುವುಗಳನ್ನು ತುಂಬಲು ಮೊದಲು ಆರ್ಗನ್ ವಾದ್ಯ ಬಂತು. ಆಮೇಲೆ ಧ್ವನಿಮುದ್ರಿತ ಹಾಡುಗಳು ಬಂದವು.

ಹಾಗೆ ಬಂದ ಹಾಡುಗಳಲ್ಲಿ ಹೆಚ್ಚಿನವಕ್ಕೂ ಹಾಕಿಗೂ ಯಾವ ಸಂಬಂಧವೂ ಇಲ್ಲ. ಶಿಕಾಗೊ ಬ್ಲ್ಯಾಕ್‌ಹಾಕ್ಸ್ ತಂಡ ಗೋಲು ಹೊಡೆದಾಗಲೆಲ್ಲ ಮೊಳಗುವುದು ಸ್ಕಾಟ್ಲೆಂಡಿನ ಫ್ರಟೆಲಿಸ್ ತಂಡದ ‘ಚೆಲ್ಸಿ ಡ್ಯಾಗರ್’. ಸೇಂಟ್ ಲೂಯಿಸ್ ಬ್ಲೂಸ್ 2019ರಲ್ಲಿ ಉತ್ತರ ಅಮೆರಿಕದ ವೃತ್ತಿಪರ ಹಾಕಿಯ ಅತ್ಯುನ್ನತ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದಾಗ ಊರೆಲ್ಲ ಹಾಡಿದ್ದು ಲಾರಾ ಬ್ರಾನಿಗನ್ ಅವರ ಹಳೆಯ ‘ಗ್ಲೋರಿಯಾ’. ಇವು ಆಟಕ್ಕೆ ಎರವಲು ಬಂದ ಹಾಡುಗಳು, ತಂಡದ ಅದೃಷ್ಟ ತಿರುಗಿದರೆ ಬದಲಾಗಲೂಬಹುದು. ನಮ್ಮ ವಿಚಾರ ಅವಲ್ಲ. ಹಾಕಿಯನ್ನೇ ವಸ್ತುವಾಗಿಟ್ಟುಕೊಂಡು ಬರೆದ ಹಾಡುಗಳು ಬೇರೆ ಜಾತಿಯವು.

ಸುಮಾರು ಇಪ್ಪತ್ತು ವರ್ಷ ಕಾದ ಹಾಡು

ಮೇಲೆ ಹೇಳಿದ ಒರಟು ದನಿ ಸ್ಟಾಂಪಿನ್ ಟಾಮ್ ಕಾನರ್ಸ್ ಅವರದು. 1936ರಲ್ಲಿ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದಲ್ಲಿ ಬಡತನದಲ್ಲಿ ಹುಟ್ಟಿ, ಪ್ರಿನ್ಸ್ ಎಡ್ವರ್ಡ್ ದ್ವೀಪದ ಹಳ್ಳಿಯೊಂದರಲ್ಲಿ ಸಾಕುಮನೆಯಲ್ಲಿ ಬೆಳೆದು, ಗಿಟಾರ್ ಹಿಡಿದು ದೇಶವೆಲ್ಲ ಅಲೆದವರು. ಹಾಡುವಾಗ ಬೂಟುಗಾಲಿನಿಂದ ಹಲಗೆಯನ್ನು ಬಡಿದು ತಾಳ ಹಾಕುತ್ತಿದ್ದರು, ಹೆಸರಿನ ಮುಂದಿನ ಬಿರುದು ಬಂದದ್ದು ಅದರಿಂದಲೇ. ಕೆನಡಾದ ಊರು, ಕೆಲಸ, ಬೆಳೆ, ಗಣಿ ಇವನ್ನು ಬಿಟ್ಟು ಬೇರೆಯದನ್ನು ಅವರು ಹಾಡಿದ್ದು ಕಡಿಮೆ. ಅಮೆರಿಕದಲ್ಲಿ ನೆಲೆಸಿದವರಿಗೇ ತಮ್ಮ ದೇಶದ ಜೂನೊ ಸಂಗೀತ ಪ್ರಶಸ್ತಿಗಳು ಸಲ್ಲುತ್ತಿವೆ ಎಂದು ಸಿಟ್ಟಾಗಿ 1978ರಲ್ಲಿ ತಮಗೆ ಬಂದಿದ್ದ ಆರೂ ಜೂನೊಗಳನ್ನು ಹಿಂದಿರುಗಿಸಿದವರು ಅವರು.

ಅವರ ‘ದಿ ಹಾಕಿ ಸಾಂಗ್’ ಬಂದದ್ದು 1970ರ ದಶಕದ ಆರಂಭದಲ್ಲಿ. ಆಗ ಅದು ದೊಡ್ಡ ಯಶಸ್ಸೇನೂ ಕಾಣಲಿಲ್ಲ. 1992ರಲ್ಲಿ ಒಟ್ಟಾವ ಸೆನೆಟರ್ಸ್ ತಂಡ ಕೆನಡಾ, ಅಮೆರಿಕಗಳ ವೃತ್ತಿಪರ ತಂಡಗಳು ಆಡುವ ರಾಷ್ಟ್ರೀಯ ಹಾಕಿ ಲೀಗಿಗೆ ಬಂದು ತನ್ನ ಪಂದ್ಯಗಳಲ್ಲಿ ಅದನ್ನು ನುಡಿಸತೊಡಗಿತು. ಟೊರಾಂಟೊ ಮೇಪಲ್ ಲೀಫ್ಸ್ ತಂಡದ ತರಬೇತುದಾರ ಪ್ಯಾಟ್ ಬರ್ನ್ಸ್ ಅಲ್ಲಿ ಕೇಳಿ ಮೆಚ್ಚಿ, ನಮ್ಮ ಅಂಗಳದಲ್ಲೂ ಇದು ಬೇಕೆಂದರು. ಅಲ್ಲಿಂದ ಅದು ದೇಶವ್ಯಾಪಿಯಾಯಿತು. ಹುಟ್ಟಿ ಸುಮಾರು ಇಪ್ಪತ್ತು ವರ್ಷವಾದ ಮೇಲೆ ಹಾಡೊಂದು ಹೀಗೆ ಎದ್ದು ನಿಂತದ್ದೇಕೆ? ಅದರ ಕಟ್ಟಡ ನೋಡಿದರೆ ಉತ್ತರ ಸಿಗುತ್ತದೆ. ಮೂರು ಅವಧಿಗೆ ಮೂರು ಚರಣ. ಪ್ರಸಾರಕನೊಬ್ಬ ಕೇಳುಗರನ್ನು ಕರೆದು ಮಾತಾಡಿಸುವ ಧಾಟಿಯಲ್ಲಿ ಶುರು. ಊರಿನ ತಂಡ ಮೊದಲು ಹಿಂದೆ ಬೀಳುತ್ತದೆ, ಎರಡನೆಯ ಅವಧಿಯಲ್ಲಿ ಸರಿಸಮ ಬರುತ್ತದೆ, ಕೊನೆಯಲ್ಲಿ ಗೆಲ್ಲುತ್ತದೆ. ಯಾರೂ ಆಗಬಹುದಾದ ಬಾಬಿ ಎಂಬ ಒಂದು ಮೊದಲ ಹೆಸರು ಬಿಟ್ಟರೆ ಇಡೀ ಹಾಡಿನಲ್ಲಿ ಇಂಥ ಆಟಗಾರನೆಂಬ ಗುರುತಿಲ್ಲ, ತಂಡದ ಹೆಸರೂ ಇಲ್ಲ. ಇರುವುದು ಊರಿನ ತಂಡ ಎಂಬ ಮಾತು ಮಾತ್ರ. ಹಾಗಾಗಿ ಒಟ್ಟಾವದಲ್ಲಿ ಅದು ಒಟ್ಟಾವದ ಹಾಡು, ವ್ಯಾಂಕೂವರಿನಲ್ಲಿ ವ್ಯಾಂಕೂವರಿನದು. ಹಾಡಿನ ನಿಜವಾದ ಪಾತ್ರ ರೇಡಿಯೊ ಮುಂದೆ ಕೂತ ಕೇಳುಗ. ದೂರದ ಹಳ್ಳಿಗಳಲ್ಲಿ ತಲೆಮಾರುಗಳು ಆಟವನ್ನು ಕಂಡದ್ದೇ ಕಿವಿಯಿಂದ, ಕಾನರ್ಸ್ ಆ ಕಿವಿಗೆ ಹಾಡಿದರು.

ಹೋಲಿಕೆಗೆ ಇನ್ನೊಂದು ಹಾಡು ತೆಗೆದುಕೊಳ್ಳಿ. ಟೊರಾಂಟೊದ ಆಟಗಾರ ಎಡ್ಡಿ ಶಾಕ್ ಅವರ ಮೇಲೆ ಬಂದ ‘ಕ್ಲಿಯರ್ ದ ಟ್ರ್ಯಾಕ್, ಹಿಯರ್ ಕಮ್ಸ್ ಶಾಕ್’ 1966ರಲ್ಲಿ ಆ ನಗರದ ರೇಡಿಯೊ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇ ಏರಿತ್ತು. ಕುಣಿಸುವ ಹಾಡು, ಶಾಕ್ ಕೂಡ ಜನರನ್ನು ನಗಿಸುತ್ತಿದ್ದ ಆಟಗಾರ. ಇವತ್ತು ಅದು ಹಳಬರ ನೆನಪಿನಲ್ಲಿದೆ, ಅಷ್ಟೆ. ಒಂದು ತಾನು ಹುಟ್ಟಿದ ಚಳಿಗಾಲದಲ್ಲೇ ಗೆದ್ದಿತು, ಇನ್ನೊಂದು ಎರಡು ದಶಕ ಕಾದು ಗೆದ್ದಿತು. ಒಂದು ಆಟಗಾರನ ಜೊತೆ ನಿವೃತ್ತಿಯಾಯಿತು, ಇನ್ನೊಂದಕ್ಕೆ ನಿವೃತ್ತಿಯಾಗಲು ಇಂಥವನೆಂಬ ಆಟಗಾರನೇ ಇರಲಿಲ್ಲ.

ಪದವಿಲ್ಲದ ರಾಗ

ಇದರ ತುದಿಯ ಉದಾಹರಣೆ ಪದಗಳೇ ಇಲ್ಲದ್ದು. ಕೆನಡಾದ ಸರ್ಕಾರಿ ಪ್ರಸಾರ ಸಂಸ್ಥೆ ಸಿಬಿಸಿ ಪ್ರತಿ ಶನಿವಾರ ತೋರಿಸುತ್ತಿದ್ದ ‘ಹಾಕಿ ನೈಟ್ ಇನ್ ಕೆನಡಾ’ ಕಾರ್ಯಕ್ರಮಕ್ಕೆ 1968ರಲ್ಲಿ ಡೊಲೊರೆಸ್ ಕ್ಲೇಮನ್ ಆರಂಭದ ಸಂಗೀತ ರಚಿಸಿದರು. ಜಾಹೀರಾತುಗಳಿಗೆ ರಾಗ ಕಟ್ಟುವುದು ಅವರ ವೃತ್ತಿ. ರೋಮನ್ನರ ಕಾಲದ ಮಲ್ಲರು ಸ್ಕೇಟು ಕಟ್ಟಿಕೊಂಡು ಇಳಿದಂತೆ ಕಲ್ಪಿಸಿಕೊಂಡು ಆ ರಾಗ ಹೊಸೆದೆನೆಂದು ಅವರೇ ಹೇಳಿದ್ದಾರೆ. ತುತ್ತೂರಿಗಳ ಆ ಕರೆ ನಲವತ್ತು ವರ್ಷ ಮನೆಮನೆಯಲ್ಲಿ ಮೊಳಗಿ, ಜನ ಅದನ್ನು ಎರಡನೆಯ ರಾಷ್ಟ್ರಗೀತೆ ಎನ್ನತೊಡಗಿದರು. 2008ರ ಜೂನ್‌ನಲ್ಲಿ ಹಕ್ಕುಗಳ ಮಾತುಕತೆ ಮುರಿದು, ಪ್ರತಿಸ್ಪರ್ಧಿ ಸಿಟಿವಿ ಅದನ್ನು ಕೊಂಡುಕೊಂಡಿತು. ದೇಶದಲ್ಲಿ ಎದ್ದ ಗದ್ದಲ ಸಣ್ಣದಲ್ಲ. ಸಿಬಿಸಿ ಸಾರ್ವಜನಿಕ ಸ್ಪರ್ಧೆ ನಡೆಸಿ, ಆಲ್ಬರ್ಟಾದ ಶಾಲಾ ಶಿಕ್ಷಕ ಕಾಲಿನ್ ಓಬರ್ಸ್ಟ್ ಅವರ ‘ಕನೇಡಿಯನ್ ಗೋಲ್ಡ್’ ರಾಗವನ್ನು ಆರಿಸಿತು. ಅದು ಕೆಟ್ಟ ರಾಗವಲ್ಲ. ಆದರೆ ಕ್ಲೇಮನ್ ರಾಗ ಕೇಳಿದಾಗ ಜನರಿಗೆ ನೆನಪಾಗುತ್ತಿದ್ದದ್ದು ಅಡುಗೆಮನೆಯಿಂದ ಎದ್ದು ಬಂದು ಟೀವಿ ಮುಂದೆ ಕೂರುತ್ತಿದ್ದ ಅಪ್ಪ, ಅಮ್ಮ, ಅಣ್ಣತಮ್ಮಂದಿರು. ಆ ಕುಟುಂಬದ ರಾತ್ರಿಯನ್ನು ಸ್ಪರ್ಧೆ ನಡೆಸಿ ಮತ್ತೆ ತರಲಾಗದು.

ಟೊಪ್ಪಿಯೊಳಗಿನ ಕಾರ್ಡು

ಈ ಪರಂಪರೆಯ ಅತ್ಯುತ್ತಮ ಹಾಡು ಯಾವುದೆಂದು ಕೇಳಿದರೆ ‘ಫಿಫ್ಟಿ ಮಿಷನ್ ಕ್ಯಾಪ್’ ಎನ್ನಬೇಕು. ಕಿಂಗ್‌ಸ್ಟನ್ ಊರಿನ ರಾಕ್ ತಂಡ ದಿ ಟ್ರ್ಯಾಜಿಕಲಿ ಹಿಪ್ 1992ರಲ್ಲಿ ಹೊರತಂದದ್ದು, ಗಾಯಕ ಗಾರ್ಡ್ ಡೌನಿ. ಹಾಡಿನ ಹಿಂದಿರುವ ಸಂಗತಿ ಕಟ್ಟುಕತೆಯನ್ನು ಮೀರಿಸುವಂಥದು. 1951ರ ಸ್ಟ್ಯಾನ್ಲಿ ಕಪ್ ಅಂತಿಮ ಸರಣಿಯಲ್ಲಿ ಟೊರಾಂಟೊ ಮತ್ತು ಮಾಂಟ್ರಿಯಲ್ ತಂಡಗಳು ಐದು ಪಂದ್ಯ ಆಡಿದವು, ಐದೂ ಹೆಚ್ಚುವರಿ ಸಮಯಕ್ಕೆ ಹೋದವು. ಐದನೆಯದರಲ್ಲಿ ಬಿಲ್ ಬರಿಲ್ಕೊ ಎಂಬ 24 ವರ್ಷದ ರಕ್ಷಣಾ ಆಟಗಾರ ಮುನ್ನುಗ್ಗಿ ಹೊಡೆದ ಗೋಲು ಟೊರಾಂಟೊಗೆ ಕಪ್ ತಂದುಕೊಟ್ಟಿತು. ನಾಲ್ಕೇ ತಿಂಗಳು. ಆಗಸ್ಟಿನಲ್ಲಿ ಮೀನು ಹಿಡಿಯಲೆಂದು ಮಿತ್ರನೊಡನೆ ಪುಟ್ಟ ವಿಮಾನದಲ್ಲಿ ಉತ್ತರಕ್ಕೆ ಹಾರಿದ ಬರಿಲ್ಕೊ ಮರಳಲಿಲ್ಲ. ದೊಡ್ಡ ಹುಡುಕಾಟ ನಡೆದರೂ ವಿಮಾನ ಸಿಗಲಿಲ್ಲ. ಟೊರಾಂಟೊ ಹನ್ನೊಂದು ವರ್ಷ ಕಪ್ ಗೆಲ್ಲಲಿಲ್ಲ. 1962ರ ಏಪ್ರಿಲ್‌ನಲ್ಲಿ ಗೆದ್ದಿತು. ಅದೇ ಜೂನ್‌ನಲ್ಲಿ ಆಂಟೇರಿಯೊದ ಉತ್ತರದ ಕಾಡಿನಲ್ಲಿ ವಿಮಾನದ ಅವಶೇಷ ಸಿಕ್ಕಿತು.

ಬೇರೆ ಯಾರೇ ಆಗಿದ್ದರೂ ಇದನ್ನೊಂದು ಲಾವಣಿ ಮಾಡಿ ಗೋಲಿನ ಕ್ಷಣವನ್ನು ಬಣ್ಣಿಸುತ್ತಿದ್ದರು. ಡೌನಿ ಹಾಗೆ ಮಾಡಲಿಲ್ಲ. ಹಾಡಿನ ನಿರೂಪಕನಿಗೆ ಬರಿಲ್ಕೊ ಗೊತ್ತಿರುವುದು ಅಭಿಮಾನಿಗಳು ಕೂಡಿಡುವ ಒಂದು ಹಾಕಿ ಕಾರ್ಡಿನ ಹಿಂದೆ ಅಚ್ಚಾದ ನಾಲ್ಕು ಸಾಲುಗಳಿಂದ. ಡೌನಿಗೂ ಆ ವಿವರ ಸಿಕ್ಕಿದ್ದು ಅಂಥ ಕಾರ್ಡಿನಿಂದಲೇ. ನಿರೂಪಕ ಆ ಕಾರ್ಡನ್ನು ತನ್ನ ಟೊಪ್ಪಿಯಲ್ಲಿ ಸಿಕ್ಕಿಸಿಕೊಳ್ಳುತ್ತಾನೆ. ಎರಡನೆಯ ಮಹಾಯುದ್ಧದಲ್ಲಿ ಹಲವು ಹಾರಾಟ ಮುಗಿಸಿದ ವೈಮಾನಿಕರ ಟೊಪ್ಪಿ ನಲುಗಿ ಮೆತ್ತಗಾಗಿರುತ್ತಿತ್ತು; ಹಾಡಿನ ಹೆಸರು ಅಂಥ ಟೊಪ್ಪಿಯದು. ನಿರೂಪಕ ತನ್ನ ಹೊಸ ಟೊಪ್ಪಿಯನ್ನು ಹಾಗೆ ಕಾಣುವಂತೆ ತಾನೇ ಪಳಗಿಸುತ್ತಾನೆ. ತಾನು ಹುಟ್ಟುವ ಮುನ್ನ ನಡೆದ ಗೋಲು, ತಾನು ಮಾಡದ ಹಾರಾಟ, ತನಗೆ ಪರಿಚಯವೇ ಇರದ ಸಾವು. ಇವೆಲ್ಲವನ್ನೂ ತನ್ನದಾಗಿಸಿಕೊಳ್ಳಲು ಅಭಿಮಾನಿಯೊಬ್ಬ ಪಡುವ ಪಾಡು ಅಲ್ಲಿದೆ. ಕ್ರೀಡಾಭಿಮಾನ ಎಂದರೇನು ಎಂಬುದನ್ನು ಇಷ್ಟು ನೇರವಾಗಿ ಹೇಳಿದ ಹಾಡು ಇನ್ನೊಂದು ಸಿಗುವುದು ಕಷ್ಟ. ಬರಿಲ್ಕೊ ಹೆಸರು ಇವತ್ತಿನ ಕೆನಡಾದ ಯುವಕರಿಗೆ ತಿಳಿದಿರುವುದು ಬಹುಮಟ್ಟಿಗೆ ಈ ಹಾಡಿನಿಂದ.

ಇದೇ ತಂಡ 1998ರಲ್ಲಿ ‘ಫೈರ್‌ವರ್ಕ್ಸ್’ ಹಾಡಿನಲ್ಲಿ 1972ರ ಕೆನಡಾ–ಸೋವಿಯತ್ ಸರಣಿಗೆ ಮರಳಿತು. ಮಾಸ್ಕೊದಲ್ಲಿ ಎಂಟನೆಯ, ಕೊನೆಯ ಪಂದ್ಯ ಮುಗಿಯಲು 34 ಸೆಕೆಂಡು ಇದ್ದಾಗ ಪಾಲ್ ಹೆಂಡರ್ಸನ್ ಹೊಡೆದ ಗೋಲನ್ನು ಇಡೀ ದೇಶ ಕಂಡಿತ್ತು. ಹಾಡಿನಲ್ಲಿ ಅದು ಆರಂಭ ಮಾತ್ರ. ಮುಂದೆ ಬರುವುದು ಹಾಕಿಯೆಂದರೆ ಅಸಡ್ಡೆಯಿರುವ ಹುಡುಗಿಯೊಬ್ಬಳ ಪ್ರೀತಿ.

ಅಪ್ಪನ ದನಿ

ಟಾಮ್ ಕಾಕ್ರೇನ್ ಅವರ ‘ಬಿಗ್ ಲೀಗ್’ 1988ರದು. ಅದರ ಹುಟ್ಟಿಗೆ ಕಾರಣ ಒಬ್ಬ ತಂದೆ. ಸಂಗೀತ ಕಾರ್ಯಕ್ರಮವೊಂದಕ್ಕೆ ಮುನ್ನ ಕಾಕ್ರೇನ್ ಅವರನ್ನು ಕಂಡ ಆತ, ತನ್ನ ಮಗನಿಗೆ ಇಷ್ಟವಾಗಿದ್ದ ಹಾಡೊಂದನ್ನು ಹಾಡಬೇಕೆಂದು ಕೇಳಿಕೊಂಡರು. ಹಾಕಿಯಲ್ಲಿ ಮುಂದೆ ಬರುತ್ತಿದ್ದ ಹುಡುಗ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದ. ಆ ತಂದೆಯ ಬಾಯಿಂದಲೇ ಹೊರಟಂತೆ ಕಾಕ್ರೇನ್ ಹಾಡು ಬರೆದರು. ದೊಡ್ಡ ಲೀಗಿನಲ್ಲಿ ಆಡುತ್ತಾನೆ ನನ್ನ ಮಗ ಎಂಬ ಹೆಮ್ಮೆಯೂ, ಆ ಮಗ ಇಲ್ಲವೆಂಬ ಸಂಕಟವೂ ಒಂದೇ ಉಸಿರಿನಲ್ಲಿ ಬರುತ್ತವೆ. ನಸುಕಿನಲ್ಲೆದ್ದು ಮಕ್ಕಳನ್ನು ಅಭ್ಯಾಸಕ್ಕೆ ಕರೆದೊಯ್ಯುವ ಕೆನಡಾದ ಲಕ್ಷಾಂತರ ತಂದೆತಾಯಿಯರಿಗೆ ಅದು ತಮ್ಮದೇ ಭಯದ ಹಾಡಾಯಿತು.

2018ರ ಏಪ್ರಿಲ್ 6ರಂದು ಸಸ್ಕಾಚುವನ್ ಪ್ರಾಂತ್ಯದಲ್ಲಿ ಹಂಬೋಲ್ಟ್ ಬ್ರಾಂಕೋಸ್ ಎಂಬ ಕಿರಿಯರ ತಂಡ ಪಂದ್ಯಕ್ಕೆ ಹೊರಟಿದ್ದ ಬಸ್ಸಿಗೂ ಲಾರಿಗೂ ಡಿಕ್ಕಿಯಾಗಿ 16 ಜನ ಸತ್ತರು, 13 ಜನ ಗಾಯಗೊಂಡರು. ದೇಶದುದ್ದಕ್ಕೂ ಜನ ಮನೆಯ ಹೊಸಿಲ ಬಳಿ ಹಾಕಿ ಕೋಲುಗಳನ್ನು ಒರಗಿಸಿಟ್ಟರು. ಕಾಕ್ರೇನ್ ತಮ್ಮ ಮೂವತ್ತು ವರ್ಷ ಹಳೆಯ ಹಾಡಿನ ಸಾಲುಗಳನ್ನು ತಿದ್ದಿ ಆ ಮಕ್ಕಳಿಗಾಗಿ ಮತ್ತೆ ಹಾಡಿದರು. ಗೆಲುವನ್ನು ಕೊಂಡಾಡುವ ಹಾಡಿಗೆ ಇಂಥ ದಿನದಲ್ಲಿ ಬಾಯಿ ಬರುತ್ತಿರಲಿಲ್ಲ.

ಹೆಸರಿನ ಹಾಡು, ವೀರರ ಹಾಡು

ಈ ವಾದಕ್ಕೆ ಎದುರುತ್ತರಗಳಿವೆ. ಮೊದಲನೆಯದು ಕ್ವಿಬೆಕ್‌ನಿಂದ ಬರುತ್ತದೆ. ಮಾಂಟ್ರಿಯಲ್ ಕನೇಡಿಯನ್ಸ್ ತಂಡದ ಮೋರಿಸ್ ರಿಶಾರ್ ಅವರ ಮೇಲೆ ಫ್ರೆಂಚಿನಲ್ಲಿ ಹಲವು ಹಾಡುಗಳಿವೆ, ಅವು ಬಾಳಿವೆ ಕೂಡ. ತಾರೆಯ ಹೆಸರಿದ್ದೂ ಬಾಳಲಿಲ್ಲವೇ? ನಿಜ. ಆದರೆ ಅವರ ಕತೆ ಗೋಲುಗಳಲ್ಲಿ ಮುಗಿಯುವುದಿಲ್ಲ. 1955ರ ಮಾರ್ಚ್‌ನಲ್ಲಿ ಲೀಗಿನ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಬೆಲ್, ರಿಶಾರ್ ಅವರನ್ನು ಋತುವಿನ ಉಳಿದ ಪಂದ್ಯಗಳಿಂದ ಅಮಾನತು ಮಾಡಿದಾಗ ಮಾಂಟ್ರಿಯಲ್‌ನ ಬೀದಿಗಳಲ್ಲಿ ಗಲಭೆ ಎದ್ದಿತು. ಇಂಗ್ಲಿಷ್ ಮಾತಾಡುವ ಅಧಿಕಾರ ತಮ್ಮವನನ್ನು ತುಳಿಯಿತು ಎಂದು ಫ್ರೆಂಚ್ ಭಾಷಿಕರು ಅದನ್ನು ಕಂಡರು. ರಿಶಾರ್ ಹಾಡುಗಳಲ್ಲಿ ಕೇಳುವುದು ಪ್ರೇಕ್ಷಕರ ಸ್ವಾಭಿಮಾನ, ಆಟಗಾರ ಅದರ ಹೆಸರು. ತಂಡದ ಶತಮಾನೋತ್ಸವದ 2009ರಲ್ಲಿ ಲೋಕೋ ಲೋಕಾಸ್ ತಂಡ ಹೊರತಂದ ‘ಲ ಬ್ಯು’ ಎಂಬ ರ‍್ಯಾಪ್ ಹಾಡಿನಲ್ಲೂ ಆ ಬಿಸಿ ಉಳಿದಿದೆ.

ಎರಡನೆಯ ತಕರಾರು ಹೆಚ್ಚು ಗಟ್ಟಿಯಾದದ್ದು. ಸೋವಿಯತ್ ಒಕ್ಕೂಟದಲ್ಲಿ ಅಲೆಕ್ಸಾಂದ್ರಾ ಪಖ್ಮುತೊವಾ 1968ರಲ್ಲಿ ಸಂಯೋಜಿಸಿದ ಗೀತೆಯ ಹೆಸರನ್ನು ‘ಹೇಡಿ ಹಾಕಿ ಆಡುವುದಿಲ್ಲ’ ಎಂದು ಕನ್ನಡಿಸಬಹುದು. ಅದು ನೇರವಾಗಿ ಅಂಗಳದ ವೀರರ ಗೀತೆ. ಸೋವಿಯತ್ ತಂಡ ವಿಶ್ವ ಚಾಂಪಿಯನ್‌ಷಿಪ್‌ಗಳನ್ನು ಸಾಲಾಗಿ ಗೆಲ್ಲುತ್ತಿದ್ದ ಕಾಲ. ಇಲ್ಲಿ ನೋಡುಗನಿಲ್ಲ, ದುಃಖವಿಲ್ಲ, ಆದರೂ ಹಾಡು ಅರ್ಧ ಶತಮಾನ ದಾಟಿ ರಷ್ಯದಲ್ಲಿ ಜೀವಂತವಿದೆ. ನನ್ನ ವಾದಕ್ಕೆ ಇದು ಅಪವಾದವೆಂದು ಒಪ್ಪಬೇಕು. ಆದರೂ ಒಂದು ಮಾತು ಗಮನಾರ್ಹ: ಇಲ್ಲೂ ಆಟಗಾರರ ಹೆಸರುಗಳಿಲ್ಲ. ಪಖ್ಮುತೊವಾ ಶ್ರಮ, ಯೌವನ, ಸ್ನೇಹಗಳನ್ನು ಹಾಡಾಗಿಸಿದ ಸಂಯೋಜಕಿ; ಹಾಕಿ ಅವರಿಗೆ ಗಂಡೆದೆಗೊಂದು ನೆಪ. ಹಾಗಾಗಿ ಹಾಕಿ ನೋಡದವರೂ ಅದನ್ನು ಹಾಡಬಲ್ಲರು.

ಇದೆಲ್ಲ ಧ್ವನಿವರ್ಧಕದ ಮಹಿಮೆ, ಪ್ರತಿ ಪಂದ್ಯದಲ್ಲೂ ನುಡಿಸಿದರೆ ಯಾವ ಹಾಡೂ ಜನಪ್ರಿಯವಾಗುತ್ತದೆ ಎನ್ನುವವರೂ ಇದ್ದಾರೆ. ಅವರಿಗೆ ಉತ್ತರ ಸ್ಟಾಕ್‌ಹೋಮ್‌ನಲ್ಲಿದೆ. 1995ರ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಸ್ವೀಡನ್ನಿನಲ್ಲಿ. ಆತಿಥೇಯ ತಂಡಕ್ಕೆಂದು ನಿಕ್ ಬೋರ್ಗೆನ್ ‘ಡೆನ್ ಗ್ಲೀಡರ್ ಇನ್’ ಎಂಬ ಹಾಡು ಹಾಡಿದ್ದರು. ಮೇ 7ರ ಅಂತಿಮ ಪಂದ್ಯದಲ್ಲಿ ನೆರೆಯ ಫಿನ್ಲೆಂಡ್, ಸ್ವೀಡನ್ನನ್ನು 4–1ರಿಂದ ಸೋಲಿಸಿ ತನ್ನ ಮೊದಲ ವಿಶ್ವಕಿರೀಟ ಗೆದ್ದಿತು. ಕಪ್ಪಿನ ಜೊತೆಗೆ ಸೋತವರ ಹಾಡನ್ನೂ ಫಿನ್ನರು ಮನೆಗೆ ಒಯ್ದರು. ಸ್ವೀಡಿಷ್ ಭಾಷೆಯ ಆ ಹಾಡು ಇವತ್ತಿಗೂ ಫಿನ್ಲೆಂಡಿನ ಹಾಕಿ ಸಂಭ್ರಮದ ಹಾಡು. ಸಂಘಟಕರು ಯಾರಿಗೆಂದು ಹಾಡು ಮಾಡಿಸಿದರೋ ಅವರಲ್ಲಿ ಅದು ನಿಲ್ಲಲಿಲ್ಲ. ಯಾವ ಹಾಡು ಯಾರದೆಂದು ನಿರ್ಧರಿಸುವವರು ಕೇಳುಗರೇ.

ಹಾಡಿಗೆ ಬಂದ ಪೆಟ್ಟುಗಳು

ಕೊನೆಯ ಆಕ್ಷೇಪ ನೈತಿಕವಾದದ್ದು: ಈ ಹಾಡುಗಳು ಆಟದ ಹಿಂಸೆಯನ್ನು ಮರೆಮಾಡಿ ಹಳೆಯ ಕಾಲದ ಸವಿನೆನಪು ಮಾರುತ್ತವೆ. ಹಲವು ಹಾಡುಗಳ ಮಟ್ಟಿಗೆ ಅದು ನಿಜ. ಐಸ್ ಹಾಕಿಯಲ್ಲಿ ಎದುರಾಳಿಯ ಜೊತೆ ಗುದ್ದಾಡಲೆಂದೇ ತಂಡದಲ್ಲಿ ಇಟ್ಟುಕೊಳ್ಳುವ ಆಟಗಾರರಿದ್ದರು. ಅಮೆರಿಕದ ವಾರನ್ ಜೀವಾನ್, ಲೇಖಕ ಮಿಚ್ ಆಲ್ಬಮ್ ಜೊತೆ ಸೇರಿ ಬರೆದ ‘ಹಿಟ್ ಸಮ್‌ಬಡಿ!’ ಅಂಥವನೊಬ್ಬನ ಕತೆ. ಸಸ್ಕಾಚುವನ್ನಿನ ಹೊಲದಿಂದ ಬಂದ ಹುಡುಗನಿಗೆ ಗೋಲು ಹೊಡೆಯುವ ಆಸೆ, ತರಬೇತುದಾರನಿಗೆ ಬೇಕಾದದ್ದು ಅವನ ಮುಷ್ಟಿ. ಆ ಹಾಡು 2002ರ ಆಲ್ಬಮ್ಮಿನಲ್ಲಿ ಬಂತು. 2011ರಲ್ಲಿ ಅದೇ ಸಸ್ಕಾಚುವನ್ನಿನವನಾದ, ಅದೇ ಕೆಲಸ ಮಾಡುತ್ತಿದ್ದ ಡೆರೆಕ್ ಬೂಗಾರ್ಡ್ 28ನೆಯ ವಯಸ್ಸಿನಲ್ಲಿ ತೀರಿಕೊಂಡ. ತಲೆಗೆ ಪದೇಪದೇ ಬೀಳುವ ಪೆಟ್ಟಿನಿಂದ ಬರುವ ಕಾಯಿಲೆ ಅವನ ಮಿದುಳಿನಲ್ಲಿ ಆಗಲೇ ಬಲಿತಿತ್ತೆಂದು ವೈದ್ಯರು ಕಂಡರು. ಲೀಗು ಒಪ್ಪಿಕೊಳ್ಳಲು ಹಿಂಜರಿದ ಸಂಗತಿಯನ್ನು ಹಾಡು ಮೊದಲೇ ಮುಟ್ಟಿತ್ತು.

ಹೆಣ್ಣುದನಿಗಳು ಕಡಿಮೆ ಎಂಬುದಂತೂ ಈ ಪರಂಪರೆಯ ದೊಡ್ಡ ಕೊರತೆ. ಇರುವವು ಮಾತ್ರ ಬಲು ಸೊಗಸು. ಜೇನ್ ಸಿಬೆರಿ ಅವರ 1989ರ ‘ಹಾಕಿ’ಯಲ್ಲಿ ಕ್ರೀಡಾಂಗಣವೇ ಇಲ್ಲ. ಹೆಪ್ಪುಗಟ್ಟಿದ ನದಿಯ ಮೇಲೆ ಭಾನುವಾರದ ಮಧ್ಯಾಹ್ನ ಮಕ್ಕಳು ಆಡುತ್ತಾರೆ, ಕತ್ತಲಾಗುತ್ತ ಬರುತ್ತದೆ. ಕ್ಯಾಥ್ಲೀನ್ ಎಡ್ವರ್ಡ್ಸ್ ಅವರ ‘ಹಾಕಿ ಸ್ಕೇಟ್ಸ್’ನಲ್ಲಿ ಗಂಡಸರ ಆಟ, ಗಂಡಸರ ಮಾತುಗಳ ನಡುವೆ ತನ್ನ ಜಾಗ ಯಾವುದೆಂದು ಹೆಣ್ಣೊಬ್ಬಳು ಬೇಸತ್ತು ಕೇಳುತ್ತಾಳೆ. ಮಹಿಳೆಯರ ವೃತ್ತಿಪರ ಹಾಕಿ ಲೀಗು 2024ರ ಜನವರಿ 1ರಂದು ಟೊರಾಂಟೊದಲ್ಲಿ ಮೊದಲ ಪಂದ್ಯ ಆಡಿತು. ಆ ಅಂಗಳದ ಅಂಚಿನಲ್ಲಿ ಈಗ ಕೂತಿರುವ ಹುಡುಗಿಯರಲ್ಲಿ ಯಾರಾದರೂ ಮುಂದಿನ ಹಾಡು ಬರೆಯಬಹುದು.

ಈ ಹಾಡುಗಳನ್ನು ಕೇಳಬೇಕೆನ್ನುವವರಿಗೆ ಐಸ್ ಹಾಕಿಯ ನಿಯಮಗಳು ಗೊತ್ತಿರಬೇಕಿಲ್ಲ. ಕಾನರ್ಸ್ ಅವರಿಂದ ಶುರು ಮಾಡಿ, ಆಮೇಲೆ ಬರಿಲ್ಕೊ ಕತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ‘ಫಿಫ್ಟಿ ಮಿಷನ್ ಕ್ಯಾಪ್’ ಕೇಳಿ. ‘ಬಿಗ್ ಲೀಗ್’ ಕೇಳುವಾಗ ಅದನ್ನು ಹೇಳುತ್ತಿರುವುದು ಒಬ್ಬ ತಂದೆ ಎಂಬುದನ್ನು ಮರೆಯಬೇಡಿ.